ಒಳಕಿವಿಯವರಿಗೆ ಒಂದು ಬೆಳಗಿನ ಕಡ್ಡಾಯ ರಜೆ

ಇಂದ,
ಎಸ್. ಮೋನಿಷಾ,
ತಂದೆ: ಶಿವ, ಜೀಪು ಚಾಲಕರು,
ಮಸಿನಗುಡಿ, ನೀಲಗಿರಿ ಜಿಲ್ಲೆ.
(ಸದ್ಯಕ್ಕೆ: ಬಯಲುನಾಡಿನ ಒಂದು ವಿಮಾನ ಶಾಲೆಯ ಹಾಸ್ಟೆಲು, ಕಿಟಕಿ ಪಕ್ಕದ ಮಂಚ)

ಗೆ,
ಮಾನ್ಯ ಒಳಕಿವಿಯವರು,
ತೂಗಾಟ ಮತ್ತು ವಾಲಾಟ ವಿಭಾಗ,
ಬಲಗಿವಿ (ಪ್ರಧಾನ ಕಚೇರಿ) ಹಾಗೂ ಎಡಗಿವಿ (ಶಾಖೆ),
ಅರ್ಜಿದಾರಳ ತಲೆ.

ವಿಷಯ: ಹೊರಗೇನೂ ನೋಡದೆ, ಉಪಕರಣಗಳನ್ನು ಮಾತ್ರ ನಂಬಿ ವಿಮಾನ ಇಳಿಸುವ ಪರೀಕ್ಷೆಯ ಬೆಳಗ್ಗೆ ತಾವು ಕಡ್ಡಾಯ ರಜೆಯ ಮೇಲೆ ತೆರಳುವಂತೆ ಕೋರಿ.

ಉಲ್ಲೇಖ: ೧. ಹೋದ ಸಲದ ಪರೀಕ್ಷೆಯಲ್ಲಿ ತಾವು ಯಾರನ್ನೂ ಕೇಳದೆ ಹೊರಡಿಸಿದ ಮೌಖಿಕ ಆದೇಶ.
೨. ಶ್ರೀಮತಿ ಪುಟ್ಟಮ್ಮನವರು ಬೆಳ್ಳುಳ್ಳಿ ಎಣ್ಣೆಯ ಮೂಲಕ ತಮ್ಮ ಕಚೇರಿಗೆ ಕಳುಹಿಸಿದ ತಿಳುವಳಿಕೆ (ಉತ್ತರ ಬಂದಿರುವುದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಘನ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆಕಾಶದಲ್ಲಿ ತಮ್ಮ ಸೇವೆ ಸಾಕಾಗಿದೆ. ಇದನ್ನು ಇನ್ನಷ್ಟು ನಯವಾಗಿ ಹೇಳುವ ವಾಕ್ಯ ಕಚೇರಿ ಕನ್ನಡದಲ್ಲಿ ಎಲ್ಲೋ ಇದ್ದೀತು. ಪರೀಕ್ಷೆ ನಾಳೆ ಬೆಳಗ್ಗೆಯೇ ಇರುವ ಕಾರಣ ಅದನ್ನು ಹುಡುಕುತ್ತ ಕೂರಲು ಪುರಸೊತ್ತಿಲ್ಲ.

ಅರ್ಜಿ ಕನ್ನಡದಲ್ಲಿ ಏಕಿದೆ ಎಂದು ತಾವು ಆಕ್ಷೇಪಿಸಬಹುದು. ಅರ್ಜಿದಾರಳಾದ ಮೋನಿಷಾ ಶಾಲೆ ಓದಿದ್ದು ತಮಿಳಿನಲ್ಲಿ, ವಿಮಾನ ಕಲಿಯುತ್ತಿರುವುದು ಇಂಗ್ಲಿಷಿನಲ್ಲಿ. ಆದರೆ ತಾವು ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮುದ್ದು, ಗದರಿಕೆ, ಜೀಪಿನ ಹಿಂದಿನ ಸೀಟಿನ ಹರಟೆ ಎಲ್ಲವೂ ಮನೆಯ ಕನ್ನಡದಲ್ಲೇ ಇದ್ದವು. ಬೇರೆ ಭಾಷೆಯಲ್ಲಿ ಬರೆದರೆ ಅರ್ಥವಾಗಲಿಲ್ಲವೆಂದು ಕಡತ ವಾಪಸು ಕಳಿಸುವ ಅವಕಾಶ ತಮಗೆ ಸಿಗುತ್ತದೆ. ಆ ಅವಕಾಶವನ್ನು ಕೊಡಬಾರದೆಂಬುದೇ ಇಲ್ಲಿನ ಉದ್ದೇಶ. ಸಂಗತಿಗಳು ಕೆಳಕಂಡಂತಿವೆ:

೧. ತಾವು ಮೂಲತಃ ಕಲ್ಲಟ್ಟಿ ಘಾಟಿಯಲ್ಲಿ ತರಬೇತಿ ಪಡೆದವರು. ಮೋನಿಷಾಳ ಅಪ್ಪ ಶಿವ ಮಸಿನಗುಡಿಯಿಂದ ಊಟಿಗೆ, ಊಟಿಯಿಂದ ಮಸಿನಗುಡಿಗೆ ಜೀಪು ಓಡಿಸುವವರು. ಮೂವತ್ತಾರು ಕಡಿದಾದ ತಿರುವುಗಳಿರುವ ಆ ರಸ್ತೆಯನ್ನು ಅವರು ರಸ್ತೆ ಎಂದು ಕರೆಯುವುದಿಲ್ಲ, 'ನಮ್ ಕಲ್ಲಟ್ಟಿ' ಎನ್ನುತ್ತಾರೆ. ತಾಯಿಯಿಲ್ಲದ ಮಗಳನ್ನು ಮನೆಯಲ್ಲಿ ಅಕ್ಕನ ಹತ್ತಿರ ಬಿಟ್ಟು ಹೋಗಲು ಮನಸ್ಸು ಬಾರದೆ ಅವರು ಗೇರಿನ ಪಕ್ಕ ಕೂರಿಸಿಕೊಂಡು ಹೋಗುತ್ತಿದ್ದರು. ಮಗು ಅಳಬಾರದೆಂದು ಒಂದು ಆಟ ಹುಡುಕಿದರು. ಕಣ್ಣು ಮುಚ್ಚಿಕೊಂಡು, ಮೈ ಎಷ್ಟು ಯಾವ ಕಡೆಗೆ ವಾಲಿತು ಎಂಬುದರ ಮೇಲೆ, ಇದು ಎಷ್ಟನೇ ತಿರುವು ಎಂದು ಹೇಳಬೇಕು. ಮೊದಮೊದಲು ಮೋನಿಷಾ ಸೋತಳು. ಆಮೇಲೆ ಸೋಲುವುದನ್ನೇ ಬಿಟ್ಟಳು.

ಇದರ ಪೂರ್ತಿ ಕೀರ್ತಿ ತಮಗೇ ಸೇರತಕ್ಕದ್ದು. ಯಾವ ತಿರುವು ಬಿಗಿ, ಯಾವುದು ಸಡಿಲ, ಯಾವುದರ ಮಧ್ಯದಲ್ಲಿ ಡಾಂಬರು ಕಿತ್ತು ಹೋಗಿ ಜೀಪು ಒಮ್ಮೆ ಬಿಕ್ಕುತ್ತದೆ ಎಂಬುದೆಲ್ಲ ತಮ್ಮ ಕಚೇರಿಯಲ್ಲಿ ದಾಖಲಾಗಿತ್ತು. ಪ್ರವಾಸಿಗರು ಹತ್ತಿದರೆ ಶಿವಣ್ಣ ಮೊದಲು ಮಗಳ ಪ್ರದರ್ಶನ ಏರ್ಪಡಿಸುತ್ತಿದ್ದರು. ಬೆಂಗಳೂರಿನವರು, ಚೆನ್ನೈನವರು ಫೋನು ಹಿಡಿದು ವಿಡಿಯೊ ಮಾಡುತ್ತಿದ್ದರು. ಇಡೀ ಜೀಪು ಸ್ಟ್ಯಾಂಡಿನಲ್ಲಿ ಇಂಥ ಕಿವಿ ಇನ್ನೊಬ್ಬರಿಗಿಲ್ಲ ಎಂದು ಅವರು ಹೇಳಿಕೊಂಡು ತಿರುಗಿದ್ದರಿಂದಲೇ ತಮಗೆ ಕೊಬ್ಬು ಬಂದಿತೆಂದು ಅರ್ಜಿದಾರಳ ನಮ್ರ ಅಭಿಪ್ರಾಯ.

೨. ಇಂಥ ತಮ್ಮನ್ನು ಆಕಾಶಕ್ಕೆ ವರ್ಗ ಮಾಡಲಾಯಿತು. ಅಲ್ಲಿನ ಕೆಲಸದ ಸ್ವರೂಪವನ್ನು ತಮಗೆ ಯಾರೂ ವಿವರಿಸಿದಂತಿಲ್ಲವಾದ್ದರಿಂದ ಇಲ್ಲಿ ವಿವರಿಸಲಾಗಿದೆ. ಪರೀಕ್ಷೆಯಲ್ಲಿ ಅಭ್ಯರ್ಥಿಯ ಹಣೆಗೆ ಒಂದು ಮುಸುಕು ಕಟ್ಟುತ್ತಾರೆ. ಮುಂದಿನ ಗಾಜು ಕಾಣುವುದಿಲ್ಲ, ಆಕಾಶ ಕಾಣುವುದಿಲ್ಲ, ಎದುರಿಗಿರುವ ಗಡಿಯಾರದಂಥ ಬಿಲ್ಲೆಗಳು ಮಾತ್ರ ಕಾಣುತ್ತವೆ. ಒಂದು ಬಿಲ್ಲೆಯಲ್ಲಿ ಎರಡು ಮುಳ್ಳುಗಳಿವೆ. ಒಂದು ಮುಳ್ಳು ರನ್‌ವೇ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳುತ್ತದೆ, ಇನ್ನೊಂದು ಇಳಿಜಾರಿಗಿಂತ ಮೇಲಿದ್ದೀಯೋ ಕೆಳಗಿದ್ದೀಯೋ ಹೇಳುತ್ತದೆ. ಎರಡನ್ನೂ ಮಧ್ಯದಲ್ಲಿ ಇಟ್ಟುಕೊಂಡು ಇಳಿಯುತ್ತಾ ಬರಬೇಕು. ಒಂದು ಗೊತ್ತಾದ ಎತ್ತರಕ್ಕೆ ಬಂದಾಗ ಪರೀಕ್ಷಕರು ಮುಸುಕು ಎತ್ತಿದರೆ, ರನ್‌ವೇ ಕಂಡರೆ, ಇಳಿಯಬೇಕು. ಎತ್ತದಿದ್ದರೆ ಮರುಮಾತಿಲ್ಲದೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಇದರಲ್ಲಿ ತಮಗೆ ಯಾವ ಕೆಲಸವೂ ಇರುವುದಿಲ್ಲ. ತಾವು ಸುಮ್ಮನಿರುವುದೇ ಕೆಲಸ.

೩. ತಾವು ಸುಮ್ಮನಿರಲಿಲ್ಲ. ನಿಧಾನವಾಗಿ ಎಡಕ್ಕೆ ತಿರುಗಿ ವಿಮಾನವನ್ನು ನೇರ ಮಾಡಿದ ತಕ್ಷಣ 'ಈಗ ಬಲಕ್ಕೆ ತಿರುಗುತ್ತಿದ್ದೇವೆ' ಎಂದು ವರದಿ ಕೊಟ್ಟಿರಿ. ಬಿಲ್ಲೆ ನೇರ ಎನ್ನುತ್ತಿತ್ತು, ತಾವು ಇಲ್ಲವೆಂದಿರಿ. ಮೋನಿಷಾ ಬಿಲ್ಲೆಯನ್ನು ನಂಬಿ ಕೈಯನ್ನೇನೋ ತಡೆದಳು, ಮೈಯನ್ನು ತಡೆಯಲಾಗಲಿಲ್ಲ. ಅವಳ ತರಬೇತುದಾರ ಮುರಳೀಧರನ್ ಪಕ್ಕಕ್ಕೆ ತಿರುಗಿ ನೋಡಿದರೆ ಶಿಷ್ಯೆ ಕಿಟಕಿಗೆ ಭುಜ ಆನಿಸಿಕೊಂಡು, ಘಾಟಿ ಬಸ್ಸಿನಲ್ಲಿ ಕೂತಂತೆ ವಾಲಿಕೊಂಡಿದ್ದಾಳೆ. ನಿದ್ದೆ ಬರುತ್ತಿದೆಯೇ ಎಂದು ಅವರು ವಿಚಾರಿಸಿದರು.

ಇನ್ನೊಂದು ದಿನ, ಮುಸುಕು ಎತ್ತದೆ ಮೇಲೇರಬೇಕಾದ ಪಾಠದಲ್ಲಿ ತಾವು ಇದಕ್ಕಿಂತ ಘನವಾದ ಕೆಲಸ ಮಾಡಿದಿರಿ. ಪೂರ್ತಿ ಶಕ್ತಿ ಕೊಟ್ಟಾಗ ಬೆನ್ನು ಸೀಟಿಗೆ ಒತ್ತಿತು. ಒತ್ತಿದ ಕೂಡಲೇ 'ಮೂತಿ ತೀರಾ ಮೇಲೆದ್ದಿದೆ, ಹಿಂದಕ್ಕೆ ಉರುಳುತ್ತೇವೆ, ಕೆಳಕ್ಕೆ ತಳ್ಳು' ಎಂದು ತುರ್ತು ಆದೇಶ ಹೊರಡಿಸಿದಿರಿ. ಕಲ್ಲಟ್ಟಿಯಲ್ಲಿ ಏರು ತಿರುವಿನಲ್ಲಿ ಗಾಡಿ ಹಿಂದಕ್ಕೆ ಜಾರುವ ಭಯ ತಮಗಿದ್ದೇ ಇದೆ, ಅದನ್ನು ಇಲ್ಲಿಗೂ ತಂದಿರಿ. ಮೋನಿಷಾಳ ಕೈ ತಳ್ಳಿತು. ಕೆಳಗೆ ಇದ್ದದ್ದು ನೆಲ. ಮುರಳೀಧರನ್ ವಿಮಾನದ ಹಿಡಿಯನ್ನು ಅವಳಿಂದ ತೆಗೆದುಕೊಂಡರು. ನೆಲಕ್ಕಿಳಿದ ಮೇಲೆ ಅವರು ಜೋರು ಮಾಡಲಿಲ್ಲ. ಮೋಡದೊಳಗೆ ಸ್ವಂತ ಮೈಯ ಮಾತು ಕೇಳಿದವರು ವಾಪಸು ಬಂದು ದೂರು ಕೊಟ್ಟ ಉದಾಹರಣೆ ನಾನು ಕಂಡಿಲ್ಲ ಎಂದಷ್ಟೇ ಹೇಳಿ ಟೀ ಕುಡಿಯಲು ಹೋದರು. ಅಂದು ಮೋನಿಷಾ ಟೀ ಕುಡಿಯಲಿಲ್ಲ.

೪. ಇಷ್ಟಾದ ಮೇಲೂ ಅಭ್ಯಾಸ ಮಾಡಿ ಮಾಡಿ ಅವಳು ಪರೀಕ್ಷೆಗೆ ಹೋದಳು. ಅಂದು ನಡೆದದ್ದನ್ನು ತಾವು ಮರೆತಿರಬಹುದು. ಪರೀಕ್ಷಕರು ಮರೆತಿಲ್ಲ.

ಮುಳ್ಳುಗಳೆರಡೂ ಮಧ್ಯದಲ್ಲಿದ್ದವು. ಇಳಿಜಾರು ಸರಿಯಾಗಿತ್ತು, ವೇಗ ಸರಿಯಾಗಿತ್ತು, ಪರೀಕ್ಷಕರು ಬರೆಯುವುದನ್ನು ಬಿಟ್ಟು ಹೊರಗೆ ನೋಡುತ್ತ ಕೂತಿದ್ದರು. ಅಷ್ಟರಲ್ಲಿ ರೇಡಿಯೊದಲ್ಲಿ, ಇನ್ನೊಂದು ವಿಮಾನ ಅದೇ ರನ್‌ವೇ ಬಿಟ್ಟು ಮೇಲೇರುತ್ತಿದೆ ಎಂಬ ಸುದ್ದಿ ಬಂತು. ಅದು ಆಚೆ ತುದಿಯಿಂದ ಎದ್ದು ಆಚೆಗೇ ಹೋಗುತ್ತಿತ್ತು, ಇವಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ತಮ್ಮ ಕೇಳುವ ವಿಭಾಗವೂ ತೂಗುವ ವಿಭಾಗವೂ ಒಂದೇ ಕಟ್ಟಡದಲ್ಲಿವೆ. ಮಧ್ಯೆ ಗೋಡೆ ಇಲ್ಲ. ಕೇಳುವವರು 'ಯಾರೋ ಏರುತ್ತಿದ್ದಾರೆ' ಎಂದರು, ತೂಗುವವರು 'ನಾವು ಇಳಿಯುತ್ತಿದ್ದೇವೆ' ಎಂದರು. ಕಲ್ಲಟ್ಟಿಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಅಗಲವಿದ್ದ ಕಡೆ ನಿಲ್ಲಿಸಿ, ಏರುವವನು ದಾಟಿದ ಮೇಲೆ ಕೈ ಎತ್ತಿ ಮುಂದಕ್ಕೆ ಹೋಗಬೇಕು. ಇದನ್ನು ಮುರಿದವನಿಗೆ ಮಸಿನಗುಡಿ ಸ್ಟ್ಯಾಂಡಿನಲ್ಲಿ ಯಾರೂ ಬೆಂಕಿಪೊಟ್ಟಣ ಕೂಡ ಕೊಡುವುದಿಲ್ಲ.

ಆದ್ದರಿಂದ ತಾವು ನಿಲ್ಲು ಎಂದಿರಿ. ಮೋನಿಷಾ ನಿಂತಳು. ಅಂದರೆ ಇಳಿಯುವುದನ್ನು ನಿಲ್ಲಿಸಿ, ವಿಮಾನವನ್ನು ಮಟ್ಟಸ ಹಾರಿಸುತ್ತ, ದಾರಿ ಬಿಟ್ಟಳು. ಮುಳ್ಳು ಪೂರ್ತಿ ಕೆಳಗೆ ಹೋಗಿ ಅಂಚಿಗೆ ಬಡಿದು ಕೂತಿತು. ಇಷ್ಟೇ ಆಗಿದ್ದರೆ ಗಾಳಿಯ ಮೇಲೆ ಹಾಕಬಹುದಿತ್ತು. ಆದರೆ ಅವಳು ಮುಸುಕಿನೊಳಗಿನಿಂದ, ಕಾಣದ ಆ ವಿಮಾನಕ್ಕೆ ಕೈ ಬೇರೆ ಎತ್ತಿದಳು.

ಪರೀಕ್ಷಕರು ಇದೇಕೆ ಎಂದು ಕೇಳಿದರು. ಏರುವವರಿಗೆ ದಾರಿ ಬಿಡಬೇಕಲ್ಲವೇ ಸಾರ್ ಎಂದು ಅವಳು ವಿನಯದಿಂದಲೇ ಉತ್ತರಿಸಿದಳು. ಅವರು ಗಾಜಿನಾಚೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಸುತ್ತ ಹೊಲ, ಹೊಲದಾಚೆ ಹೊಲ.

"ಇಲ್ಲಿ ಗುಡ್ಡ ಎಲ್ಲಿದೆಯಮ್ಮಾ?" ಎಂದರು.

ಆ ವಿಮಾನ ನೀಲಗಿರಿ ನಂಬರ್ ಪ್ಲೇಟಿನದ್ದೂ ಅಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

೫. ಫಲಿತಾಂಶ ತಮಗೆ ಗೊತ್ತೇ ಇದೆ. ನಾಳೆ ಎರಡನೇ ಸಲ. ಈ ಸಲವೂ ತಪ್ಪಿದರೆ ಶಾಲೆಯವರು ಉಪಕರಣದ ಪಾಠವನ್ನು ಮೊದಲಿನಿಂದ ಮಾಡಿಸುತ್ತಾರಂತೆ. ಅಷ್ಟರೊಳಗೆ ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆಂದ ಕಂಪನಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಬೇರೆಯವರನ್ನು ಕರೆದಿರುತ್ತದೆ. ಇದು ತಮಗೆ ಸಣ್ಣ ಸಂಗತಿಯಾಗಿ ಕಂಡೀತು. ಅವಳು ಎಲ್ಲಿದ್ದರೂ ತಾವು ತಲೆಯೊಳಗೆ ಬೆಚ್ಚಗೆ ಇರುತ್ತೀರಿ, ನಿಜ.

೬. ಎರಡು ಪರೀಕ್ಷೆಗಳ ನಡುವೆ, ಶಾಲೆಯ ವಿಮಾನ ರಿಪೇರಿಗೆ ಹೋಗಿದ್ದರಿಂದ ಮೋನಿಷಾ ರಜೆಯ ಮೇಲೆ ಊರಿಗೆ ಹೋಗಿದ್ದಳು. ವಿಮಾನವಿಲ್ಲದೆಯೂ ಪೈಲಟ್‌ಗಳು ಅಭ್ಯಾಸ ಮಾಡುವ ಕ್ರಮವೊಂದಿದೆ. ಕುರ್ಚಿಯಲ್ಲಿ ಕೂತು, ಮುಸುಕು ಹಾಕಿಕೊಂಡು, ಇಳಿಯುವ ದಾರಿಯ ನಕ್ಷೆಯನ್ನು ತೊಡೆಯ ಮೇಲಿಟ್ಟು, ಯಾವ ದಿಕ್ಕು, ಯಾವ ಎತ್ತರ, ಎಲ್ಲಿ ತಿರುಗುವುದು, ಎಲ್ಲಿ ಬಿಟ್ಟು ಮೇಲೇರುವುದು ಎಂದು ಬಾಯಿಬಿಟ್ಟು ಹೇಳುತ್ತ, ಇಲ್ಲದ ಹಿಡಿಯನ್ನು ಆಡಿಸುವುದು. ಇದನ್ನು ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಾಡಿದರೆ ಅಕ್ಕಪಕ್ಕದವರು ಏನು ತಿಳಿಯುತ್ತಾರೋ ಅದನ್ನೇ ತಿಳಿದರು. ವೆಲ್ಲಿಂಗ್ಟನ್ನಿನ ಸೇನಾ ನೆಲೆಯ ಕಡೆಗೆ ಹೆಲಿಕಾಪ್ಟರು ಹೋದಾಗಲೆಲ್ಲ ಎದುರುಮನೆಯವರು ಹೊರಗೆ ಬಂದು, ಅದನ್ನು ಇವಳೇ ಓಡಿಸುತ್ತಿದ್ದಾಳೋ ಎಂಬಂತೆ ಒಮ್ಮೆ ಮೇಲಕ್ಕೂ ಒಮ್ಮೆ ಕುರ್ಚಿಗೂ ನೋಡಿ ಒಳಗೆ ಹೋಗುತ್ತಿದ್ದರು.

ಅತ್ತೆ ಪುಟ್ಟಮ್ಮ, ಅಂದರೆ ಶಿವಣ್ಣನ ಅಕ್ಕ, ಮೋನಿಷಾಳನ್ನು ಎತ್ತಿ ಆಡಿಸಿ ಬೆಳೆಸಿದವರು. ಏನು ತೊಂದರೆ ಎಂದು ಅವರು ಕೇಳಿದ್ದಕ್ಕೆ ಮೋನಿಷಾ ಕಿವಿಯದು ಎಂದಳು. ಅದಕ್ಕಿಂತ ಹೆಚ್ಚಿನ ವಿವರಣೆ ಅವರಿಗೆ ಬೇಕಾಗಲಿಲ್ಲ.

"ಗಾಳಿ ಸೇರ್ಕಂಡದೆ ಕನವ್ವ. ಬೆಳ್ಳುಳ್ಳಿ ಎಣ್ಣೆ ಬುಟ್ರೆ ಸರಿಹೋಯ್ತದೆ," ಎಂದರು.

ಮೋನಿಷಾ ಕುರ್ಚಿಯಲ್ಲಿ ಕೂತು ಮೋಡದೊಳಗೆ ಇಳಿಯುತ್ತಿದ್ದಾಗ ಅವರು ಹಿಂದಿನಿಂದ ಬಂದು ಬಲಗಿವಿಗೆ ಎಣ್ಣೆ ಬಿಟ್ಟರು. ತಮ್ಮ ಪ್ರಧಾನ ಕಚೇರಿಯಲ್ಲಿ ಅಂದು ನೀರು ನುಗ್ಗಿದಂತಾಗಿದ್ದು ಇದೇ ಕಾರಣಕ್ಕೆ. ಅದರಲ್ಲಿ ಅರ್ಜಿದಾರಳ ಕೈವಾಡವಿರಲಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ಎಣ್ಣೆಯಿಂದ ತಮ್ಮ ನಡವಳಿಕೆಯಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ದಿಂಬಿನ ಚೀಲ ಮಾತ್ರ ಹಾಳಾಯಿತು.

೭. ಇಲ್ಲಿಯವರೆಗೆ ಶಿವಣ್ಣನಿಗೆ ವಿಷಯ ತಿಳಿದಿರಲಿಲ್ಲ. ಪರೀಕ್ಷೆ ಕೈತಪ್ಪಿದ್ದು ತಿಳಿದಿತ್ತು, ಏಕೆ ಎಂದು ತಿಳಿದಿರಲಿಲ್ಲ. ಪರೀಕ್ಷಕರು ಬಯಲು ಕಡೆಯವರು, ಗುಡ್ಡದವರನ್ನು ಕಂಡರೆ ಅವರಿಗೆ ಆಗುವುದಿಲ್ಲ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ ಸ್ಟ್ಯಾಂಡಿನಲ್ಲೂ ಹಾಗೆಯೇ ಹೇಳಿದ್ದರು. ಮೋನಿಷಾ ತಿದ್ದಲಿಲ್ಲ. ಹೇಗೆ ತಿದ್ದುವುದು? ಅಪ್ಪ ಕೊಟ್ಟದ್ದರಲ್ಲೆಲ್ಲ ಅವರಿಗೆ ಹೆಚ್ಚು ಹೆಮ್ಮೆ ಇದ್ದದ್ದು ಯಾವುದರ ಬಗ್ಗೆಯೋ, ಅದೇ ಮೋಡದೊಳಗೆ ಅವಳನ್ನು ಕೊಲ್ಲುವಂಥದ್ದು ಎಂದು ಊಟಕ್ಕೆ ಕೂತವರಿಗೆ ಹೇಳಲಾಗುತ್ತದೆಯೇ?

ಎಣ್ಣೆ ಕೈಕೊಟ್ಟ ಮೇಲೆ ಮೋನಿಷಾಳಿಂದ ಎಲ್ಲವನ್ನೂ ಕೇಳಿಕೊಂಡಿದ್ದ ಪುಟ್ಟಮ್ಮನವರಿಗೆ ಹೇಳಲು ಆಯಿತು. ಮುದ್ದೆ ಬಡಿಸುತ್ತ ಬಡಿಸುತ್ತ ತಮ್ಮನಿಗೆ ಹೇಳಿಯೇಬಿಟ್ಟರು.

"ಕಣ್ ಮುಚ್ಚಿ ಬೆಂಡ್ ಎಣ್ಸೋದು ಕಲಿಸ್ದೆಯಲ್ಲ ಶಿವ, ಅದೇ ಈಗ ಆ ಮಗೀಗೆ ಮುಳುವಾಗಿ ಕುಂತದೆ."

ಶಿವಣ್ಣ ಮಗಳ ಮುಖ ನೋಡಿದರು. ಮೋನಿಷಾ ಇಲ್ಲ ಎನ್ನಬೇಕಿತ್ತು, ಆದರೆ ಬಾಯಿಯಲ್ಲಿ ತುತ್ತಿತ್ತು. ಅವರು ಉಳಿದ ಊಟ ಮುಗಿಸಿ, ಕೈ ತೊಳೆದು, ತೊಳೆದಿದ್ದ ಜೀಪನ್ನೇ ಮತ್ತೊಮ್ಮೆ ತೊಳೆಯಲು ಹೋದರು. ತಾವಂತೂ ಒಳಗೆ ಕೂತು ಆರಾಮವಾಗಿ ಜೀಪಿನ ಮೇಲೆ ನೀರು ಬೀಳುವ ಸದ್ದು ಕೇಳಿಸಿಕೊಂಡಿರಿ.

೮. ಮರುದಿನ ಊಟಿಯಿಂದ ಇಳಿಯುವ ಟ್ರಿಪ್ಪಿಗೆ ಶಿವಣ್ಣ ಮಗಳನ್ನು ಕರೆದರು. ಮುಸುಕು ತರಬೇಕು, ಕಾಗದವನ್ನೂ ತರಬೇಕು ಎಂದರು. ಹಿಂದಿನ ಸೀಟಿನಲ್ಲಿ ನಂಜಿ ಎಂಬವಳು ತರಕಾರಿ ಮಾರಿ ಖಾಲಿ ಬುಟ್ಟಿಗಳ ಸಮೇತ ಕೂತಿದ್ದಳು. ಮೋನಿಷಾ ಮುಂದೆ ಕೂತು ಮುಸುಕು ಹಾಕಿಕೊಂಡು ನಕ್ಷೆ ಓದಲು ಶುರು ಮಾಡಿದಳು. ಚೆಕ್‌ಪೋಸ್ಟ್ ದಾಟಿ ಮೊದಲ ಕೆಲವು ತಿರುವುಗಳು ಬಂದವು. ತಾವು ಎಂದಿನಂತೆ ಲೆಕ್ಕ ಶುರು ಮಾಡಿದಿರಿ. ಅವಳ ಬಾಯಿ ದಿಕ್ಕು ಎತ್ತರ ಹೇಳುತ್ತಿತ್ತು, ಭುಜ ತಮ್ಮ ಮಾತು ಕೇಳಿ ವಾಲುತ್ತಿತ್ತು.

"ಇಪ್ಪತ್ತೊಂಬತ್ತು," ಎಂದರು ಶಿವಣ್ಣ.

ಅದು ಇಪ್ಪತ್ತೊಂಬತ್ತಾಗಿರಲಿಲ್ಲ. ತಾವು ಒಳಗೆ ಕಿರುಚಿದ್ದು ಮೋನಿಷಾಳಿಗೆ ಚೆನ್ನಾಗಿ ನೆನಪಿದೆ. ಅವಳು ಮುಸುಕು ಎತ್ತಿ ಅಪ್ಪನ ಮುಖ ನೋಡಿದಳು. ಅವರು ರಸ್ತೆ ನೋಡುತ್ತಿದ್ದರು. ಮುಂದಿನ ತಿರುವಿಗೆ ಹನ್ನೊಂದು ಎಂದರು. ಅದರ ಮುಂದಿನದಕ್ಕೆ ಮೂವತ್ತನಾಲ್ಕು ಎಂದರು. ಎರಡನೇ ಗೇರಿನಲ್ಲಿ ಇಂಜಿನ್ನು ಹಿಡಿದುಕೊಂಡು ಜೀಪು ಇಳಿಯುತ್ತಿರುವಾಗ, ಈಗ ಏರುತ್ತಾ ಇದ್ದೀವಿ ಎಂದರು. ಕಲ್ಲಟ್ಟಿಯ ತಿರುವನ್ನು ಜನ್ಮದಲ್ಲಿ ತಪ್ಪು ಹೇಳದ ಮನುಷ್ಯ, ಹೇಳಿದವರ ಜೊತೆ ಜಗಳಕ್ಕೆ ನಿಂತ ಮನುಷ್ಯ.

"ಅಪ್ಪ, ಇದು..." ಎಂದಳು ಮೋನಿಷಾ.

"ನಾನೇನಾರಾ ಹೇಳ್ಕೊತೀನಿ. ನೀ ಮುಸ್ಕಾಕ್ಕೊಂಡು ನಿನ್ ಕಾಗ್ದ ಓದವ್ವ."

ಆಗ ಅವಳಿಗೆ ಅರ್ಥವಾಯಿತು. ತಮ್ಮ ಬಾಯಿ ಮುಚ್ಚಿಸಲು ಅವರಿಗೆ ಗೊತ್ತಿದ್ದ ಒಂದೇ ದಾರಿ, ತಾವು ಸರಿ ಎಂದು ಗೊತ್ತಿದ್ದೂ ಅವಳು ತಮ್ಮ ಪರವಾಗಿ ಮಾತಾಡದಂತೆ ಮಾಡುವುದು. ಕಲಿಸಿದವರೇ ಕೂತು ಬಿಡಿಸುತ್ತಿದ್ದರು. ಮೋನಿಷಾ ಮುಸುಕು ಎಳೆದುಕೊಂಡು ದಿಕ್ಕು, ಎತ್ತರ, ವೇಗ ಎಂದು ಓದಿದಳು. ಓದು ಸರಿಯಾಗಿಯೇ ಇತ್ತು.

೯. ಇದರ ಬೆಲೆಯನ್ನು ತಾವು ತಿಳಿಯತಕ್ಕದ್ದು. ರಜೆ ಮುಗಿಯುವವರೆಗೆ ದಿನವೂ ಇದೇ ನಡೆಯಿತು, ಮತ್ತು ಆ ಜೀಪಿನಲ್ಲಿ ಹಿಂದೆ ಜನ ಇರುತ್ತಿದ್ದರು. ನಂಜಿ ಮೊದಲ ದಿನ ನಕ್ಕಳು, ಎರಡನೇ ದಿನ ತಿದ್ದಿದಳು, ಮೂರನೇ ದಿನ ಹೆದರಿ ಇನ್ನೊಂದು ಜೀಪು ಹತ್ತಿದಳು. ಶಿವಣ್ಣನಿಗೆ ಕಲ್ಲಟ್ಟಿಯೇ ಮರೆತು ಹೋಗಿದೆ, ಇಳಿಯುವುದನ್ನು ಏರುವುದು ಎನ್ನುತ್ತಾರೆ ಎಂಬ ಸುದ್ದಿ ಸ್ಟ್ಯಾಂಡಿಗೆ ತಲುಪಿತು. ಅವರಿಂದ ಗಾಡಿ ಕಲಿತ ಹುಡುಗರು ಬಂದು, ಅಣ್ಣ ಒಂದ್ಸಲ ಕಣ್ಣು ತೋರಿಸಿಕೊಂಡು ಬಿಡಿ ಎಂದು ಬುದ್ಧಿ ಹೇಳಿದರು. ಒಬ್ಬನಂತೂ, ಬೇಕಾದರೆ ಇಳಿಯುವ ಟ್ರಿಪ್ಪನ್ನು ತಾನೇ ಮಾಡಿಕೊಡುತ್ತೇನೆ ಎಂದು ಕರುಣೆ ತೋರಿಸಿದ.

ಮೋನಿಷಾ ಅಲ್ಲೇ ಟೀ ಅಂಗಡಿಯ ಬೆಂಚಿನ ಮೇಲಿದ್ದಳು. ನಿಜ ಹೇಳಲು ಎದ್ದಳು. ಶಿವಣ್ಣ ಕಣ್ಣಲ್ಲೇ ಕೂರು ಎಂದು, ಎಲ್ಲರಿಗೂ ಟೀ ಹೇಳಿ, "ವಯಸ್ಸಾಯ್ತಲ್ರಪ್ಪ," ಎಂದರು.

ಆ ಮಾತನ್ನು ಅವರು ಹಿಂದೆ ಎಂದೂ ಹೇಳಿದ್ದಿಲ್ಲ. ತಮಗೂ ಗೊತ್ತು. ಅಷ್ಟು ವರ್ಷದ ಹೆಸರನ್ನು ಮಗಳ ಭುಜ ನೆಟ್ಟಗೆ ನಿಲ್ಲಲೆಂದು ಟೀ ಅಂಗಡಿಯ ಮುಂದೆ ಇಳಿಸಿ ಇಟ್ಟುಬಿಟ್ಟರು. ಮೋನಿಷಾಳಿಗೆ ಅಳು ಬಂತು. ಇದನ್ನು ಬೇರೆ ಶಬ್ದಗಳಲ್ಲಿ ಬರೆಯಲು ಅರ್ಜಿಯ ನಮೂನೆಯಲ್ಲಿ ಜಾಗ ಇರುವುದಿಲ್ಲ.

೧೦. ಕೊನೆಯ ದಿನ ಅವರು ಒಂದು ತಿರುವನ್ನೂ ಸರಿಯಾಗಿ ಹೇಳಲಿಲ್ಲ. ಅವಳು ಒಂದನ್ನೂ ತಿದ್ದಲಿಲ್ಲ. ಎದುರಿಗೆ ಏರುವ ಗಾಡಿ ಬಂದು ಜೀಪು ನಿಂತಾಗಲೂ ಅವಳ ನಕ್ಷೆಯ ಓದು ನಿಲ್ಲಲಿಲ್ಲ, ಕೈ ಮೇಲೇಳಲಿಲ್ಲ. ಕೆಳಗೆ ತಲುಪಿದ ಮೇಲೆ ಶಿವಣ್ಣ ಇಂಜಿನ್ ಆರಿಸಿ ಮಗಳ ಕಡೆಗೆ ತಿರುಗಿದರು.

"ಇವತ್ತು ನೀ ವಾಲ್ನಿಲ್ಲ ಕನವ್ವ," ಎಂದರು.

ಅವರಿಗೆ ಸಂತೋಷವಾಗಿತ್ತು. ಅಷ್ಟೇ ದುಃಖವೂ ಆಗಿತ್ತು. ಮೋನಿಷಾಳಿಗೂ ಎರಡೂ ಆಗಿತ್ತು. ಇಬ್ಬರೂ ಪುಟ್ಟಮ್ಮ ತರಹೇಳಿದ್ದ ಕೊತ್ತಂಬರಿ ಸೊಪ್ಪು ತೆಗೆದುಕೊಂಡು ಮನೆಗೆ ಹೋದರು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಪರಿಗಣಿಸಿ, ತಾವು ನಾಳೆ ಬೆಳಗ್ಗೆ ಮುಸುಕು ಹಣೆಗೆ ಬಂದ ಗಳಿಗೆಯಿಂದ ಗಾಲಿ ನೆಲ ಮುಟ್ಟುವ ಗಳಿಗೆಯವರೆಗೆ ಕಡ್ಡಾಯ ರಜೆಯಲ್ಲಿರತಕ್ಕದ್ದು. ಈ ಅವಧಿಯಲ್ಲಿ ತಾವು ಎಡ ಎಂದರೂ, ಬಲ ಎಂದರೂ, ಹಿಂದಕ್ಕೆ ಉರುಳುತ್ತಿದ್ದೇವೆ ಎಂದರೂ ಅದನ್ನು ಅನಾಮಧೇಯ ದೂರು ಎಂದು ಪರಿಗಣಿಸಿ ಕಡತಕ್ಕೆ ಸೇರಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದಿಲ್ಲ. ಕೇಳುವ ವಿಭಾಗ ಮಾತ್ರ ರೇಡಿಯೊ ಸಲುವಾಗಿ ತೆರೆದಿರಬೇಕು. ಅವರು ಕೇಳಿದ್ದನ್ನು ತಮಗೆ ಹೇಳಕೂಡದು. ಯಾರಾದರೂ ಏರುತ್ತಿದ್ದರೆ ಏರಲಿ. ಆಕಾಶದಲ್ಲಿ ಜಾಗವಿದೆ. ರಜೆಯಿಂದ ತಮ್ಮ ಮರ್ಯಾದೆಗೆ ಕುಂದು ಬರುತ್ತದೆ ಎಂದು ತಾವು ಮುನಿಸಿಕೊಳ್ಳುವುದಾದರೆ, ಮರ್ಯಾದೆ ಕಳೆದುಕೊಳ್ಳುವುದು ಹೇಗೆಂದು ಮಸಿನಗುಡಿ ಜೀಪು ಸ್ಟ್ಯಾಂಡಿನಲ್ಲಿ ವಿಚಾರಿಸಬಹುದು. ಅಲ್ಲಿ ಒಬ್ಬರು ಚೆನ್ನಾಗಿ ಕಲಿತಿದ್ದಾರೆ.

ಇಷ್ಟು ದಿನ ತಮ್ಮನ್ನು ನಂಬಿ ನಡೆದವಳು, ನಾಳೆಯೊಂದು ದಿನ ನಂಬದವಳು,
ತಮ್ಮ ವಿಶ್ವಾಸಿ,
ಎಸ್. ಮೋನಿಷಾ

ಅಡಕಗಳು:
೧. ಇಳಿಯುವ ದಾರಿಯ ನಕ್ಷೆ, ಬೆಳ್ಳುಳ್ಳಿ ಎಣ್ಣೆಯ ಕಲೆ ಸಹಿತ.
೨. ತರಬೇತುದಾರ ಮುರಳೀಧರನ್ ಅವರ ಅಭಿಪ್ರಾಯ: 'ಈಗ ಪರವಾಗಿಲ್ಲ'. (ಅವರು ಯಾರಿಗೂ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ.)

ಪ್ರತಿ: ಬಲ ಭುಜ, ಎಡ ಭುಜ ಹಾಗೂ ಕೈ ಎತ್ತುವ ಚಾಳಿ ಇರುವ ಎಡಗೈಗೆ, ಮಾಹಿತಿಗಾಗಿ ಮತ್ತು ಎಚ್ಚರಿಕೆಗಾಗಿ.

ವಿಶೇಷ ಕೋರಿಕೆ: ರಜೆಯ ಅವಧಿಯಲ್ಲಿ ತಾವು ಸುಮ್ಮನೆ ಕೂರತಕ್ಕದ್ದಲ್ಲ. ಅದೇ ಹೊತ್ತಿಗೆ ಶ್ರೀ ಶಿವ ಅವರು ಊಟಿಯಿಂದ ಜೀಪು ಇಳಿಸುತ್ತಿರುತ್ತಾರೆ. ನಾಳೆ ಒಂದು ದಿನ ಗಾಡಿ ತೆಗೆಯಬೇಡಿ ಎಂದು ಫೋನಿನಲ್ಲಿ ಹೇಳಿದ್ದಕ್ಕೆ, ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತದೆ ಎಂದರು. ಅವರ ಕಣ್ಣು ರಸ್ತೆಯ ಮೇಲೆ ಇರುತ್ತದೆ, ಮನಸ್ಸು ಎಲ್ಲಿರುತ್ತದೆಂದು ಅರ್ಜಿದಾರಳಿಗೆ ಗೊತ್ತು. ಆದಕಾರಣ ಸದರಿ ಅವಧಿಗೆ ತಮ್ಮನ್ನು ಆ ಜೀಪಿಗೆ ನಿಯೋಜಿಸಲಾಗಿದೆ. ಅವರು ತಿರುವಿನ ಸಂಖ್ಯೆಯನ್ನು ತಪ್ಪಾಗಿ ಹೇಳಿದರೆ ತಿದ್ದಬೇಕಾಗಿಲ್ಲ. ಜೀಪನ್ನು ಮಾತ್ರ ಸರಿಯಾದ ಕಡೆಗೆ ತಿರುಗಿಸಿ ಕೊಟ್ಟು, ಅವರು ಕೆಳಗೆ ತಲುಪಿದ ಮೇಲೆ ವರದಿ ಸಲ್ಲಿಸುವುದು.